ಅಲಾಸ್ಕಾದಲ್ಲಿ ಯಾವ ದೋಣಿ, ಯಾವ ಬಸ್ಸು?

ಹಿಮನದಿ ನೋಡಲು ಸೀವರ್ಡ್‌ನಲ್ಲಿ ದೋಣಿ ಹತ್ತಬೇಕೋ, ವಿಟ್ಟಿಯರ್‌ನಲ್ಲೋ? ಡೆನಾಲಿ ನ್ಯಾಷನಲ್ ಪಾರ್ಕಿನಲ್ಲಿ ಗೈಡ್ ಇರುವ ಟೂರ್ ಬಸ್ಸೋ, ಸಾದಾ ಟ್ರಾನ್ಸಿಟ್ ಬಸ್ಸೋ? ನಾವು ಸಿಯಾಟಲ್‌ನಲ್ಲಿರುವುದರಿಂದ ಅಲಾಸ್ಕಾಕ್ಕೆ ಹೊರಟ ನೆಂಟರು, ಗೆಳೆಯರು ಫೋನ್ ಮಾಡಿ ಕೇಳುವುದು ಇದನ್ನೇ. ಗೆಳೆಯರ ಜೊತೆ ಹೋದಾಗ ಸೀವರ್ಡ್, ಟ್ರಾನ್ಸಿಟ್ ಬಸ್ಸು. ಹಾಸನದಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದಾಗ ವಿಟ್ಟಿಯರ್, ಟೂರ್ ಬಸ್ಸು.

ಮೊದಲು ದೋಣಿ. ಸೀವರ್ಡ್ ಊರು ಅಲಾಸ್ಕಾದ ದೊಡ್ಡ ನಗರ ಆಂಕರೇಜ್‌ನಿಂದ ಸುಮಾರು 200 ಕಿ.ಮೀ. ದಾರಿಯೇ ಚೆಂದ, ಒಂದು ಕಡೆ ಸಮುದ್ರದ ಹಿನ್ನೀರು, ಇನ್ನೊಂದು ಕಡೆ ಬೆಟ್ಟ. ಇಲ್ಲಿಂದ ಹೊರಡುವ ದೋಣಿ ಕೀನೈ ಫಿಯೋರ್ಡ್ಸ್ ನ್ಯಾಷನಲ್ ಪಾರ್ಕಿಗೆ ಹೋಗುತ್ತದೆ. ಅಲ್ಲಿ ಹಾರ್ಡಿಂಗ್ ಐಸ್‌ಫೀಲ್ಡ್ ಅನ್ನುವ ದೊಡ್ಡ ಹಿಮದ ಬಯಲಿದೆ. ಸುಮಾರು 40 ಹಿಮನದಿಗಳು ಅದರಿಂದ ಇಳಿದು ಬರುತ್ತವೆ. ಐಯಾಲಿಕ್ ಹಿಮನದಿಯಂತೂ ನೇರ ಸಮುದ್ರಕ್ಕೇ ಬಂದು ನಿಂತಿದೆ. ಅದರ ಎದುರು ದೋಣಿ ಇಂಜಿನ್ ಆಫ್ ಮಾಡುತ್ತಾರೆ. ನೀರಿನಲ್ಲಿ ತೇಲುವ ಐಸ್ ತುಂಡುಗಳೊಳಗಿನ ಗಾಳಿಗುಳ್ಳೆಗಳು ಒಡೆಯುವ ಚಟಪಟ ಸದ್ದು ಕೇಳಿಸುತ್ತದೆ, ಒಗ್ಗರಣೆಗೆ ಹಾಕಿದ ಸಾಸಿವೆ ಹಾಗೆ. ಅಷ್ಟರಲ್ಲಿ ಮೇಲಿನಿಂದ ದೊಡ್ಡ ಚೂರೊಂದು ಕಳಚಿ ಬೀಳುವುದು ಕಾಣುತ್ತದೆ. ಗುಡುಗಿನಂಥ ಸದ್ದು ಬರುವುದು ಆಮೇಲೆ. ಹತ್ತಿರವೇ ಇದೆ ಅಂದುಕೊಂಡ ಹಿಮದ ಗೋಡೆ ನಿಜಕ್ಕೂ ಎಷ್ಟು ದೂರದಲ್ಲಿದೆ ಅಂತ ಆಗಲೇ ಗೊತ್ತಾಗುವುದು.

ಪ್ರಾಣಿಗಳ ವಿಷಯದಲ್ಲಿ ಸೀವರ್ಡ್‌ಗೆ ಸಾಟಿಯಿಲ್ಲ. ಹಂಪ್‌ಬ್ಯಾಕ್ ತಿಮಿಂಗಿಲ, ಬಂಡೆ ಮೇಲೆ ಬಿದ್ದುಕೊಂಡ ಸೀ ಲಯನ್‌ಗಳ ಗುಂಪು, ಬಣ್ಣದ ಕೊಕ್ಕಿನ ಪಫಿನ್ ಹಕ್ಕಿ, ಎಲ್ಲಾ ಸಿಕ್ಕವು. ಆದರೆ ಐಯಾಲಿಕ್ ತಲುಪುವ ಮೊದಲು ತೆರೆದ ಕಡಲನ್ನು ಹಾಯಬೇಕು. ಅಲ್ಲಿ ಅಲೆ ಎದ್ದರೆ ಮುಗಿಯಿತು. ನಮ್ಮ ಗುಂಪಿನಲ್ಲಿ ಗಟ್ಟಿಮುಟ್ಟಾಗಿದ್ದವರೇ ಕಾಗದದ ಚೀಲ ಹಿಡಿದು ಕೂತಿದ್ದರು.

ಅದಕ್ಕೇ ಅಪ್ಪ ಅಮ್ಮನಿಗೆ ವಿಟ್ಟಿಯರ್ ಆರಿಸಿದೆ. ಪ್ರಿನ್ಸ್ ವಿಲಿಯಂ ಸೌಂಡ್ ಅನ್ನುವ ಆ ಕಡಲ ಭಾಗಕ್ಕೆ ದ್ವೀಪಗಳ ಮರೆ ಇದೆ. ನೀರು ಅಲುಗಾಡುವುದೇ ಕಡಿಮೆ. ದೋಣಿಯಲ್ಲಿ ಅಮ್ಮ ಆರಾಮಾಗಿ ಊಟ ಮಾಡಿದರು. ಒಂದಾದ ಮೇಲೊಂದು ಹಿಮನದಿ, ನೀರಿನಲ್ಲಿ ಅಂಗಾತ ತೇಲುವ ಕಡಲ ನೀರುನಾಯಿಗಳು, ಬಂಡೆಗೋಡೆ ತುಂಬ ಕಿಟ್ಟಿವೇಕ್ ಹಕ್ಕಿಗಳು. ಊರಿಗೆ ಹೋಗುವ ದಾರಿಯೂ ತಮಾಷೆಯಾಗಿದೆ. 4 ಕಿ.ಮೀ. ಉದ್ದದ ಒಂದೇ ಸುರಂಗ, ಅದರಲ್ಲೇ ರೈಲು, ಅದರಲ್ಲೇ ಕಾರು. ಹಳಿ ಮೇಲೆಯೇ ಕಾರು ಓಡಿಸಬೇಕು. ಒಂದು ಹೊತ್ತಿಗೆ ಒಂದು ದಿಕ್ಕಿಗೆ ಮಾತ್ರ ಬಿಡುತ್ತಾರೆ, ತಪ್ಪಿಸಿಕೊಂಡರೆ ಮುಂದಿನ ಸರದಿಗೆ ಕಾಯಬೇಕು. ದೋಣಿಗೆ ಟಿಕೆಟ್ ಮಾಡುವ ಮೊದಲು ಸುರಂಗದ ವೇಳಾಪಟ್ಟಿ ನೋಡಿಕೊಳ್ಳಿ.

ಇಷ್ಟೆಲ್ಲಾ ಆದ ಮೇಲೆ ಅಮ್ಮ ಕೇಳಿದ್ದು, "ಅಲ್ಲಾ ಕಣೋ, ಇಷ್ಟು ದೂರ ಬಂದು ಒಂದು ತಿಮಿಂಗಿಲಾನೂ ಕಾಣಲಿಲ್ವಲ್ಲ?" ಮಾತು ಸರಿಯೇ. ಹೊಟ್ಟೆ ತಡೆಯುತ್ತದೆ ಅನ್ನುವವರು ಕಣ್ಣು ಮುಚ್ಚಿಕೊಂಡು ಸೀವರ್ಡ್‌ಗೆ ಹೋಗಿ.

ಸೀವರ್ಡ್‌ಗೆ ಹೋದವರು ಎಕ್ಸಿಟ್ ಗ್ಲೇಸಿಯರ್ ಅನ್ನುವ ಹಿಮನದಿ ಬಿಡಬೇಡಿ. ದುಡ್ಡು ಕೊಡಬೇಕಾಗಿಲ್ಲ, ಹತ್ತಿರದವರೆಗೆ ಕಾರು ಹೋಗುತ್ತದೆ, ಆಮೇಲೆ ನಡಿಗೆ. ದಾರಿಯುದ್ದಕ್ಕೂ ಇಸವಿ ಬರೆದ ಫಲಕಗಳಿವೆ. ಆ ವರ್ಷ ಹಿಮದ ಅಂಚು ಅಲ್ಲಿತ್ತು ಅಂತ. 1800ರ ಆಚೀಚಿನ ಫಲಕ ದಾಟಿ ಎಷ್ಟೋ ಹೊತ್ತಾದರೂ ಹಿಮನದಿ ಬರುವುದಿಲ್ಲ.

ಇನ್ನು ಡೆನಾಲಿ. ಪಾರ್ಕಿನ ರಸ್ತೆ 148 ಕಿ.ಮೀ. ಇದೆ, ಸ್ವಂತ ಕಾರಿಗೆ ಬೇಸಿಗೆಯಲ್ಲಿ ಮೊದಲ 24 ಕಿ.ಮೀ. ಮಾತ್ರ. ಮುಂದಕ್ಕೆ ಬಸ್ಸೇ ಗತಿ. 2021ರಲ್ಲಿ ಪ್ರೆಟಿ ರಾಕ್ಸ್ ಹತ್ತಿರ ಗುಡ್ಡ ಜಾರಿ ರಸ್ತೆ ಮುಚ್ಚಿತು. ಹಾಗಾಗಿ ನಾವು ಹೋದಾಗೆಲ್ಲಾ ಬಸ್ಸು 69 ಕಿ.ಮೀ. ಹತ್ತಿರ ತಿರುಗಿಕೊಂಡಿತು. ಟೂರ್ ಬಸ್ಸಿಗೆ ಟ್ರಾನ್ಸಿಟ್‌ಗಿಂತ ತುಂಬಾ ಹೆಚ್ಚು ದುಡ್ಡು, ಆದರೆ ಹೋಗುವುದು ಅದೇ ರಸ್ತೆ, ಕಾಣುವುದು ಅದೇ ಕರಡಿ. ಪ್ರಾಣಿ ಕಂಡರೆ ಎರಡೂ ನಿಲ್ಲುತ್ತವೆ.

ಟೂರ್ ಬಸ್ಸಿನಲ್ಲಿ ಡ್ರೈವರೇ ಗೈಡ್. ಮೈಕ್ ಹಿಡಿದು ಮಾತಾಡುತ್ತಲೇ ಇರುತ್ತಾರೆ. ನನಗೆ ಅರ್ಧ ದಾರಿಗೆ ಸಾಕಾಯಿತು. ಆದರೆ ನಮ್ಮ ಬಸ್ಸಿನಲ್ಲಿ ಕ್ಯಾಮೆರಾ ಇತ್ತು, ದೂರದ ಪ್ರಾಣಿಯನ್ನು ಪರದೆ ಮೇಲೆ ದೊಡ್ಡದಾಗಿ ತೋರಿಸುತ್ತಿದ್ದರು. ಡೆನಾಲಿಯಲ್ಲಿ ಗ್ರಿಜ್ಲಿ ಕರಡಿ ಅಂದರೆ ಬಹಳ ಸಲ ಗುಡ್ಡದ ಮೇಲಿನ ಕಂದು ಚುಕ್ಕೆ, ಡಾಲ್ ಕುರಿ ಅಂದರೆ ಬಿಳಿ ಚುಕ್ಕೆ. ಅಪ್ಪನಿಗೆ ಆ ಪರದೆ ಇಲ್ಲದಿದ್ದರೆ ಏನೂ ಕಾಣುತ್ತಿರಲಿಲ್ಲ. ಟ್ರಾನ್ಸಿಟ್‌ನ ಸುಖ ಬೇರೆ. ಬೇಕಾದಲ್ಲಿ ಇಳಿದು ನಡೆಯಬಹುದು, ಮತ್ತೆ ಯಾವುದಾದರೂ ಟ್ರಾನ್ಸಿಟ್ ಬಸ್ಸು ಬಂದಾಗ ಕೈ ಮಾಡಿ ಹತ್ತಬಹುದು, ಸೀಟಿದ್ದರೆ. ಹಾಗೆ ಇಳಿದು ಟೆಕ್ಲಾನಿಕಾ ನದಿ ಬಳಿ ಗಾಳಿ ಸದ್ದು ಕೇಳುತ್ತಾ ಕೂತಿದ್ದು ನನಗೆ ಇಡೀ ಪ್ರವಾಸದಲ್ಲೇ ಇಷ್ಟವಾದ ಹೊತ್ತು. ಕಾಲು ಗಟ್ಟಿ ಇರುವವರಿಗೆ ಟ್ರಾನ್ಸಿಟ್ಟೇ ಸರಿ. 15 ವರ್ಷದವರೆಗಿನ ಮಕ್ಕಳಿಗೆ ಅದರಲ್ಲಿ ಟಿಕೆಟ್ಟೂ ಇಲ್ಲ. ಒಳಗೆ ಊಟ ಸಿಗುವುದಿಲ್ಲ, ಚಪಾತಿ ಚಟ್ನಿಪುಡಿ ಕಟ್ಟಿಕೊಂಡೇ ಹೋಗಿ.

6,190 ಮೀಟರ್‌ನ ಡೆನಾಲಿ ಶಿಖರ ಕಾಣುತ್ತದೆ ಅಂತ ಮಾತ್ರ ಯಾವ ಬಸ್ಸನ್ನೂ ನಂಬಬೇಡಿ. ಸದಾ ಮೋಡ. ಬಂದವರಲ್ಲಿ ಮೂರರಲ್ಲಿ ಒಬ್ಬರಿಗೆ ಕಂಡರೆ ಹೆಚ್ಚು ಅನ್ನುತ್ತಾರೆ. ನಮಗೆ ಕಂಡಿದ್ದು ಆಂಕರೇಜ್‌ಗೆ ವಾಪಸ್ ಬರುವಾಗ, ಪಾರ್ಕ್ಸ್ ಹೆದ್ದಾರಿ ಬದಿಯ ವ್ಯೂಪಾಯಿಂಟ್‌ನಲ್ಲಿ, ಬಿಟ್ಟಿಯಾಗಿ.