ಯುಗಾದಿಗೆ ಮುನ್ನ ಸಸಿ ಕೊಳ್ಳಲು ದಾವಣಗೆರೆಯ ಒಂದು ನರ್ಸರಿ

ದಾವಣಗೆರೆಯಲ್ಲಿ ವಸಂತವೆಂದರೆ ಬಿಸಿಲೇರುವ ಕಾಲವೇ ಆದ್ದರಿಂದ, ಕೈತೋಟದ ಸಸಿಗಳು ಯುಗಾದಿಗೆ ಮೊದಲೇ ಬೇರೂರಿರಬೇಕೆಂಬ ಲೆಕ್ಕದಲ್ಲಿ ಊರ ಹೊರವಲಯದ ನರ್ಸರಿಯೊಂದರಿಂದ ಮಾಘದ ಕೊನೆಗೆ ಟೊಮೆಟೊ, ಬದನೆ, ಮೆಣಸಿನ ಸಸಿಗಳನ್ನೂ ಒಂದು ದುಂಡುಮಲ್ಲಿಗೆ ಗಿಡವನ್ನೂ ತಂದೆವು. ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಬೆಳೆಸಿದ ತರಕಾರಿ ಸಸಿಗಳು ಅತ್ಯುತ್ತಮವಾಗಿದ್ದವು: ಗಿಡ್ಡ ನಿಲುವು, ದಪ್ಪ ಕಾಂಡ, ಮೆಲ್ಲನೆ ಎಳೆದರೆ ಬೇರಿನ ಮುದ್ದೆ ಒಡೆಯದೆ ಇಡಿಯಾಗಿ ಬರುತ್ತಿತ್ತು. ಮಲ್ಲಿಗೆಯದು ಬೇರೆಯೇ ಕಥೆ. ಪ್ಲಾಸ್ಟಿಕ್ ಚೀಲ ಬಿಡಿಸಿದಾಗ ಬೇರುಗಳು ತಳದಲ್ಲಿ ಸಿಂಬೆಯಂತೆ ಸುತ್ತಿಕೊಂಡಿದ್ದವು. 150 ರೂಪಾಯಿ ಪಡೆದು ಹಳೆಯ ದಾಸ್ತಾನನ್ನು ದಾಟಿಸಿದ್ದು ಸರಿಯಲ್ಲ. ಹೀರೆ, ಸೋರೆಯ ಸಸಿಗಳೂ ಅಲ್ಲಿವೆ, ಆದರೆ ಬೇರು ಅಲುಗಿದರೆ ಸೊರಗುವ ಈ ಬಳ್ಳಿಗಳಿಗೆ ನೇರವಾಗಿ ಬೀಜ ಊರುವುದೇ ಲೇಸು.

ನಮ್ಮ ಎರೆಮಣ್ಣು ಒದ್ದೆಯಾದಾಗ ಅಂಟಿಕೊಂಡು, ಒಣಗಿದಾಗ ಬಿರಿಯುವುದರಿಂದ, ಕೆಂಪುಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಹಾಕಿ, ಬಿಸಿಲು ಇಳಿದ ಮೇಲೆ ನೆಡಬೇಕೆಂದು ಅಲ್ಲಿ ಕೆಲಸ ಮಾಡುವ ಹಿರಿಯ ಮಹಿಳೆಯೊಬ್ಬರು ಕೇಳದೆಯೇ ತಿಳಿಸಿದರು. ಮಾಲೀಕರ ಮಾತಿಗಿಂತ ಅವರ ಮಾತೇ ಉಪಯೋಗಕ್ಕೆ ಬಂದಿತು. ತರಕಾರಿ ಸಸಿಗಳಿಗಾಗಿ ಧಾರಾಳವಾಗಿ ಹೋಗಬಹುದು; ಹೂಗಿಡಗಳನ್ನು ಮಾತ್ರ ಚೀಲದ ತಳ ನೋಡಿ ಕೊಳ್ಳಬೇಕು.