ಬ್ರೆಟ್ ಹಾರ್ಟ್ ಆತ್ಮಕಥೆ: ಮೊದಲ ಭಾಗಕ್ಕಾಗಿಯಾದರೂ ಕೊಳ್ಳಬೇಕಾದ ಪುಸ್ತಕ

ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿಯಲ್ಲಿ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ಕುಸ್ತಿ ನೋಡುತ್ತ, ಟ್ರಂಪ್ ಕಾರ್ಡ್ ಆಡುತ್ತ ಬೆಳೆದವರಿಗೆ ಬ್ರೆಟ್ ಹಾರ್ಟ್ ಎಂದರೆ ಗುಲಾಬಿ ಮತ್ತು ಕಪ್ಪು ಬಣ್ಣದ ಉಡುಪು, ಒದ್ದೆ ಕೂದಲು, ಮುಂದಿನ ಸಾಲಿನಲ್ಲಿ ಕುಳಿತ ಮಗುವಿಗೆ ತೊಡಿಸುತ್ತಿದ್ದ ಹೊಳೆಯುವ ಕನ್ನಡಕ. ಕೆನಡಾದಲ್ಲಿ 2007ರಲ್ಲಿ ಪ್ರಕಟವಾದ ಅವರ ಆತ್ಮಕಥೆ ‘ಹಿಟ್‌ಮ್ಯಾನ್: ಮೈ ರಿಯಲ್ ಲೈಫ್ ಇನ್ ದಿ ಕಾರ್ಟೂನ್ ವರ್ಲ್ಡ್ ಆಫ್ ರೆಸ್ಲಿಂಗ್’ ಐನೂರು ಪುಟಗಳನ್ನು ಮೀರಿದ ದಪ್ಪ ಪುಸ್ತಕ. ಹೆಚ್ಚಿನವರು ಇದನ್ನು ಕೊಳ್ಳುವುದು, ಮೊದಲೇ ಒಪ್ಪಿದ್ದ ಫಲಿತಾಂಶವನ್ನು ಬ್ರೆಟ್‌ಗೆ ತಿಳಿಸದೆ ಬದಲಿಸಿ ಅವರ ಪಟ್ಟ ಕಸಿದ 1997ರ ಮಾಂಟ್ರಿಯಲ್ ಪಂದ್ಯದ ಒಳಗುಟ್ಟಿಗಾಗಿ. ನನ್ನ ಎಣಿಕೆಯಲ್ಲಿ ಈ ಪುಸ್ತಕದ ನಿಜವಾದ ಬೆಲೆ ಇರುವುದು ಅದಕ್ಕೂ ಬಹಳ ಹಿಂದಿನ ಪುಟಗಳಲ್ಲಿ, ಅಂದರೆ ಕುಸ್ತಿಯ ಮನೆತನದಲ್ಲಿ ಹುಟ್ಟಿದ ಹುಡುಗನೊಬ್ಬ ಒಲ್ಲದ ಮನಸ್ಸಿನಿಂದಲೇ ಕಸುಬಿಗೆ ಇಳಿದು, ಅದರಲ್ಲೇ ಪಳಗಿದ ಕಥೆಯಲ್ಲಿ.

ತಂದೆ ಸ್ಟೂ ಹಾರ್ಟ್ 1915ರಲ್ಲಿ ಕೆನಡಾದ ಸಾಸ್ಕಟೂನಿನಲ್ಲಿ ಹುಟ್ಟಿದವರು. ಬಡತನದಿಂದಾಗಿ ಬಾಲ್ಯದ ಒಂದಷ್ಟು ಕಾಲವನ್ನು ಆಲ್ಬರ್ಟಾದ ಬಯಲಿನಲ್ಲಿ ಡೇರೆಯೊಳಗೆ ಕಳೆದವರು. ಹವ್ಯಾಸಿ ಕುಸ್ತಿಯಲ್ಲಿ 1940ರ ಕೆನಡಾ ಚಾಂಪಿಯನ್ ಆಗಿದ್ದ ಅವರ ಒಲಿಂಪಿಕ್ ಕನಸನ್ನು ಮಹಾಯುದ್ಧ ನುಂಗಿಹಾಕಿತು. ಬಳಿಕ 1948ರಲ್ಲಿ ಅವರು ಕಟ್ಟಿದ ಕುಸ್ತಿ ಕಂಪನಿಯೇ ಮುಂದೆ ಸ್ಟ್ಯಾಂಪೀಡ್ ರೆಸ್ಲಿಂಗ್ ಎಂದು ಹೆಸರಾಯಿತು. ಕ್ಯಾಲ್ಗರಿಯ ಅವರ ಮನೆಯಲ್ಲಿ ಹನ್ನೆರಡು ಮಕ್ಕಳು. 1957ರಲ್ಲಿ ಹುಟ್ಟಿದ ಬ್ರೆಟ್ ಎಂಟನೆಯವರು. ನಮ್ಮ ವೃತ್ತಿ ನಾಟಕ ಕಂಪನಿಗಳಲ್ಲಿದ್ದಂತೆ ಇಲ್ಲಿಯೂ ಸಂಸಾರ ಬೇರೆ, ಕಂಪನಿ ಬೇರೆ ಎಂಬ ಗೆರೆ ಇರಲಿಲ್ಲ. ಗಂಡುಮಕ್ಕಳೆಲ್ಲ ಒಂದಲ್ಲ ಒಂದು ಕಾಲದಲ್ಲಿ ಕಣಕ್ಕಿಳಿದರು, ಹೆಣ್ಣುಮಕ್ಕಳು ಜಟ್ಟಿಗಳನ್ನೇ ಮದುವೆಯಾದರು. ನೆಲಮಾಳಿಗೆಯ ಗರಡಿಗೆ ‘ಡಂಜನ್’ (ನೆಲದಡಿಯ ಸೆರೆಮನೆ) ಎಂದೇ ಹೆಸರು. ಪಟ್ಟು ಕಲಿಯಲು ಬಂದ ದೊಡ್ಡ ದೊಡ್ಡ ಆಳುಗಳು ಸ್ಟೂ ಕೈಗೆ ಸಿಕ್ಕಿ ಚೀರುತ್ತಿದ್ದದ್ದು ಮೇಲಿನ ಕೋಣೆಗಳಲ್ಲಿದ್ದ ಮಕ್ಕಳಿಗೆ ಕೇಳಿಸುತ್ತಿತ್ತು. ಕುಸ್ತಿ ಆಡುವ ಕರಡಿಯೊಂದನ್ನು ಆ ಮನೆಯ ಮೆಟ್ಟಿಲ ಕೆಳಗೆ ಕಟ್ಟಿಹಾಕಿದ್ದಾಗ, ಪುಟ್ಟ ಬ್ರೆಟ್ ಐಸ್‌ಕ್ರೀಮನ್ನು ತನ್ನ ಕಾಲ್ಬೆರಳುಗಳ ಮೇಲೆ ತೊಟ್ಟಿಕ್ಕಿಸಿಕೊಂಡು ಅದಕ್ಕೆ ನೆಕ್ಕಲು ಕೊಡುತ್ತಿದ್ದರಂತೆ. ಇಂಥ ವಿವರಗಳನ್ನು ಲೇಖಕರು ಉತ್ಪ್ರೇಕ್ಷೆಯ ದನಿಯಿಲ್ಲದೆ ಹೇಳುತ್ತಾರೆ, ಆದ್ದರಿಂದಲೇ ಅವು ಮನಸ್ಸಿನಲ್ಲಿ ಕೂರುತ್ತವೆ.

ಶಾಲೆಯಲ್ಲಿದ್ದಾಗ, 1974ರಲ್ಲಿ, ಕ್ಯಾಲ್ಗರಿ ನಗರ ಮಟ್ಟದ ಹವ್ಯಾಸಿ ಕುಸ್ತಿಯಲ್ಲಿ ಗೆದ್ದರೂ ಬ್ರೆಟ್ ಅವರ ಒಲವು ಇದ್ದದ್ದು ಸಿನಿಮಾ ತಯಾರಿಕೆಯ ಕಡೆಗೆ. ಕಾಲೇಜು ಕೈಹಿಡಿಯಲಿಲ್ಲ, ತಂದೆಯ ಕಂಪನಿಯಲ್ಲಿ ರೆಫರಿಯಾಗಿ ನಿಂತರು. ಆಮೇಲೆ 1978ರಲ್ಲಿ ಸಾಸ್ಕಟೂನಿನಲ್ಲಿ ಒಬ್ಬ ಜಟ್ಟಿಗೆ ಆಡಲಾಗದೆ ಹೋದಾಗ ಆ ಜಾಗವನ್ನು ತುಂಬಲು ಇವರು ಕಣಕ್ಕಿಳಿಯಬೇಕಾಯಿತು. ಯಜಮಾನನ ಮಗ ಎಂಬ ಕಾರಣಕ್ಕೆ ಬಾಗಿಲು ಸುಲಭವಾಗಿ ತೆರೆಯಿತೆಂಬುದು ನಿಜ. ಆದರೆ ಅದೇ ಕಾರಣಕ್ಕೆ ಉಳಿದ ಆಟಗಾರರ ಅನುಮಾನದ ನೋಟವನ್ನೂ, ಗೆಲುವನ್ನು ಬೇರೆಯವರಿಗೆ ಬಿಟ್ಟುಕೊಡುವ ಹೊಣೆಯನ್ನೂ ಹೊರಬೇಕಾಯಿತು. ಈ ಇಕ್ಕಟ್ಟನ್ನು ಪುಸ್ತಕ ಚೆನ್ನಾಗಿ ಹಿಡಿದಿದೆ.

ಕಸುಬನ್ನು ಕಲಿಸಿದವರು ಮುಖ್ಯವಾಗಿ ಇಬ್ಬರು ಜಪಾನಿಗಳು, ಮಿಸ್ಟರ್ ಹಿಟೊ ಮತ್ತು ಸಕುರಾಡಾ. ಫಲಿತಾಂಶ ಮೊದಲೇ ನಿಗದಿಯಾಗಿರುವ ಈ ಕುಸ್ತಿಯಲ್ಲಿ ಎದುರಾಳಿಯ ಮೈಗೆ ಪೆಟ್ಟಾಗದಂತೆ, ಆದರೆ ನೋಡುವವರಿಗೆ ಪೆಟ್ಟಾಯಿತೆನ್ನಿಸುವಂತೆ ಎಸೆಯುವುದೂ ಬೀಳುವುದೂ ಒಂದು ವಿದ್ಯೆ. ‘ಎಲ್ಲ ನಾಟಕ’ ಎಂದು ಮೂಗು ಮುರಿಯುವವರು ಈ ಭಾಗವನ್ನಾದರೂ ಓದಬೇಕು. ಏಕೆಂದರೆ ಅದೇ 1978ರಲ್ಲಿ ಇಂಗ್ಲೆಂಡಿನಿಂದ ಬಂದ ಡೈನಮೈಟ್ ಕಿಡ್‌ಗೆ ಆ ಸಂಯಮ ಅಷ್ಟಾಗಿ ಇರಲಿಲ್ಲ. ಆತನ ಹೊಡೆತಗಳು ನಿಜಕ್ಕೂ ಬೀಳುತ್ತಿದ್ದವು, ಆತನೊಂದಿಗಿನ ಪಂದ್ಯಗಳಲ್ಲೇ ಬ್ರೆಟ್ ಹದಗೊಂಡರು. ಪಂಜಾಬ್ ಮೂಲದ ಗಾಮಾ ಸಿಂಗ್ ಇದೇ ಕಂಪನಿಯ ಹೆಸರಾಂತ ಖಳರಲ್ಲಿ ಒಬ್ಬರು ಎಂಬುದು ನಮ್ಮ ಓದುಗರಿಗೆ ಕುತೂಹಲದ ಸಂಗತಿ. ಈಚಿನ ಡಬ್ಲ್ಯೂಡಬ್ಲ್ಯೂಇ ಆಟಗಾರ ಜಿಂದರ್ ಮಹಲ್, ಗಾಮಾ ಸಿಂಗ್ ಅವರಿಗೆ ಸೋದರ ಸಂಬಂಧದ ಮಗ.

ಸ್ಟ್ಯಾಂಪೀಡ್ 1984ರಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಪಾಲಾದಾಗ ಬ್ರೆಟ್ ಕೂಡ ಅಲ್ಲಿಗೆ ಹೋದರು. ಅವರಿಗೆ ಕೌಬಾಯ್ ವೇಷ ಕೊಡುವ ಯೋಚನೆ ನಡೆಯಿತು. ಪಳಗದ ಕುದುರೆಗಳನ್ನು ಏರುವ ರೋಡಿಯೊ ಜಾತ್ರೆಗೆ ಹೆಸರಾದ ಕ್ಯಾಲ್ಗರಿಯವನೊಬ್ಬ ಕುದುರೆ ಪಳಗಿಸಲು ಬಾರದೆ ಹಾಗೆ ಕರೆಸಿಕೊಂಡರೆ ಊರಿನವರು ನಗುತ್ತಾರೆಂದು ಅವರು ಒಪ್ಪಲಿಲ್ಲ. ಬದಲಿಗೆ ಭಾವ ಜಿಮ್ ನೈಡ್‌ಹಾರ್ಟ್ ಜೊತೆ ಹಾರ್ಟ್ ಫೌಂಡೇಶನ್ ಜೋಡಿಯಾಯಿತು. ಈ ಜೋಡಿ 1987ರ ಜನವರಿಯಲ್ಲಿ ಜೋಡಿ ಕುಸ್ತಿಯ ಪಟ್ಟ ಗೆದ್ದದ್ದು ಇನ್ನೊಬ್ಬ ನೆಂಟ ಡೇವಿ ಬಾಯ್ ಸ್ಮಿತ್ ಮತ್ತು ಅದೇ ಡೈನಮೈಟ್ ಕಿಡ್ ಅವರಿಂದ. ಆ ಹೊತ್ತಿಗೆ ಡೈನಮೈಟ್ ಬೆನ್ನು ಎಷ್ಟು ಹಾಳಾಗಿತ್ತೆಂದರೆ ಆತ ಸ್ಮಿತ್ ಆಸರೆಯಿಂದ ಕಣಕ್ಕೆ ಬರಬೇಕಾಯಿತು.

ಕೊರತೆಗಳೂ ಇವೆ. ಪ್ರವಾಸದ ದಿನಗಳಲ್ಲಿ ಬ್ರೆಟ್ ಧ್ವನಿಮುದ್ರಿಕೆಯಲ್ಲಿ ದಿನಚರಿ ಇಡುತ್ತಿದ್ದರು. ಅದರಿಂದ ಬರಹಕ್ಕೆ ಖಚಿತತೆ ಬಂದಿದೆ, ಜೊತೆಗೆ ಜಡತೆಯೂ ಬಂದಿದೆ: ನಡುಭಾಗದಲ್ಲಿ ಊರು, ಹೋಟೆಲ್, ಪಂದ್ಯ, ಮತ್ತೆ ಊರು ಎಂದು ಸಾಗುತ್ತ ಹೋಗುತ್ತದೆ, ಸಂಪಾದಕರ ಕತ್ತರಿ ಇನ್ನಷ್ಟು ಆಡಬೇಕಿತ್ತು. ತಮ್ಮ ಕೌಶಲದ ಬಗ್ಗೆ ಲೇಖಕರಿಗೆ ಇರುವ ಅಭಿಮಾನ ಕೆಲವೆಡೆ ಅತಿಯಾಗುತ್ತದೆ. ಜಗಳಗಳಲ್ಲಿ ನ್ಯಾಯ ಬಹುಪಾಲು ಅವರ ಕಡೆಗೇ ಇರುತ್ತದೆ. ದಾಂಪತ್ಯದಲ್ಲಿ ತಾವು ತಪ್ಪಿ ನಡೆದದ್ದನ್ನು ಮಾತ್ರ ಮುಚ್ಚಿಟ್ಟಿಲ್ಲ. ಆ ಭಾಗಗಳೂ ಮಾದಕ ವಸ್ತುಗಳ ಪ್ರಸ್ತಾಪಗಳೂ ಇರುವುದರಿಂದ ಕುಸ್ತಿಯ ಹುಚ್ಚಿರುವ ಶಾಲಾ ಮಕ್ಕಳಿಗೆ ಉಡುಗೊರೆಯಾಗಿ ಕೊಡುವಂಥದ್ದಲ್ಲ.

ಇಂಗ್ಲಿಷ್ ಸರಳವಾಗಿದೆ, ಆದರೆ ಕಸುಬಿನ ಒಳಮಾತುಗಳು ಹೇರಳವಾಗಿವೆ. ಟಿವಿ ಕುಸ್ತಿಯನ್ನು ಎಂದೂ ನೋಡದವರು ಮೊದಲು ಅಂತರ್ಜಾಲದಲ್ಲಿ ಬ್ರೆಟ್ ಅವರ ಒಂದೆರಡು ಹಳೆಯ ಪಂದ್ಯಗಳನ್ನು ನೋಡಿಕೊಂಡು ಓದಲು ಕೂರುವುದು ಒಳ್ಳೆಯದು. ಪೂರ್ತಿ ಓದುವಷ್ಟು ಬಿಡುವಿಲ್ಲದವರು 1987ರವರೆಗಿನ ಭಾಗವನ್ನು ಒಂದಕ್ಷರ ಬಿಡದೆ ಓದಿ, ಮುಂದಿನದನ್ನು ಆರಿಸಿಕೊಂಡು ಓದಿದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ.