ಟ್ಯೂಬ್ ಹಾಡುಗಳು: ಏಳು ಬೇಸಿಗೆ ಕೇಳಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಮೊದಲ ವರ್ಷ ಟ್ಯೂಬ್ ಅನ್ನೋ ಜಪಾನಿ ಬ್ಯಾಂಡಿನ ಈ ಹಾಡುಗಳು ನನಗೆ ಒಂಚೂರೂ ಹಿಡಿಸಲಿಲ್ಲ.

ಕೆಲಸದ ಮೇಲೆ ಜಪಾನಿನ ಯೊಕೊಹಾಮಾಕ್ಕೆ ಬಂದ ಹೊಸತು. ಹಾಡು ಕೇಳಿದರೆ ಜಪಾನಿ ಭಾಷೆ ಬೇಗ ಬರುತ್ತೆ ಅಂತ ಯಾರೋ ಹೇಳಿದರು. ಹಳೆ ಸಿಡಿ ಅಂಗಡಿಯಲ್ಲಿ 500 ಯೆನ್ ಕೊಟ್ಟು ಟ್ಯೂಬ್ ಬ್ಯಾಂಡಿನ ‘ಟ್ಯೂಬೆಸ್ಟ್’ ಅನ್ನೋ ಸಂಕಲನ ತಂದೆ. 1989ರದ್ದು. ಹಾಕಿ ಕೇಳಿದರೆ ಬೇಸಿಗೆ, ಬೇಸಿಗೆ, ಬರೀ ಬೇಸಿಗೆ. ನಾನು ರಾಯಚೂರಿನವನು. ಬಿಸಿಲನ್ನು ಹೊಗಳಿ ಯಾರಾದರೂ ಹಾಡು ಕಟ್ಟುತ್ತಾರಾ? ನಮ್ಮಲ್ಲಿ ಬೇಸಿಗೆ ಅಂದರೆ ಮಧ್ಯಾಹ್ನ ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ ಬಿದ್ದುಕೊಳ್ಳೋದು. ಕಾಯೋದೇನಿದ್ದರೂ ಮಳೆಗೆ.

ಸಾಲದ್ದಕ್ಕೆ ಸಿಡಿ ಮೇಲೆ ಗೀರು. ಮೂರನೇ ಹಾಡು ನಡುವೆ ತೊದಲುತ್ತಿತ್ತು. ಅಂಗಡಿಗೆ ವಾಪಸ್ ಒಯ್ದರೆ ತುಂಬಾ ವಿನಯದಿಂದ ತಲೆಬಾಗಿ, ತುಂಬಾ ವಿನಯದಿಂದ ‘ಆಗಲ್ಲ’ ಅಂದರು. ಡಬ್ಬಿ ಮುಚ್ಚಿ ಕಪಾಟಿಗೆ ಹಾಕಿದೆ.

ಆಮೇಲೆ ಜೂನ್ ಬಂತು. ಜಪಾನಿನಲ್ಲಿ ಲೆಕ್ಕ ಉಲ್ಟಾ. ಮೊದಲು ಮಳೆ, ಆಮೇಲೆ ಬೇಸಿಗೆ. ಈ ಮಳೆಗಾಲಕ್ಕೆ ‘ತ್ಸುಯು’ ಅಂತಾರೆ. ಜೋರು ಮಳೆಯೂ ಅಲ್ಲ, ಬಿಡುವೂ ಇಲ್ಲ. ಸುಮ್ನೆ ಜಿನುಗುತ್ತಾ ಇರುತ್ತೆ. ಟವೆಲ್ ಮೂರು ದಿನವಾದರೂ ಒಣಗಲ್ಲ. ಊರಿಂದ ತಂದ ಅವಲಕ್ಕಿ ಮೆತ್ತಗಾಯಿತು. ಕಪಾಟಿನಲ್ಲಿ ಇಟ್ಟಿದ್ದ ತೇವ ಹೀರುವ ಡಬ್ಬಿಯಲ್ಲಿ ಅರ್ಧ ಲೋಟ ನೀರು ನಿಂತಿತ್ತು. ಜುಲೈ ಮೂರನೇ ವಾರದಲ್ಲಿ ಒಂದು ಬೆಳಿಗ್ಗೆ ಕಿಟಕಿ ತೆಗೆದರೆ ಆಕಾಶ ನೀಲಿ, ಮರದ ತುಂಬಾ ಜೀರುಂಡೆ ಸದ್ದು. ಹವಾಮಾನ ಇಲಾಖೆಯವರು ತ್ಸುಯು ಮುಗಿದ ಹಾಗಿದೆ ಅಂತ ಪ್ರಕಟಿಸಿದ್ದರು. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಅವತ್ತು ರಾತ್ರಿ ಆ ಸಿಡಿ ಮತ್ತೆ ಹಾಕಿದೆ. ಬೇರೆ ಯಾರೋ ಹಾಡಿದ ಹಾಗಿತ್ತು.

‘ನತ್ಸು ಒ ಮಾಚಿಕಿರೆನಾಕುತೆ’ ಅಂತ 1993ರ ಹಾಡೊಂದಿದೆ. ಬೇಸಿಗೆಗೆ ಕಾಯಲಾರದೆ ಅಂತ ಅರ್ಥ. ಆರು ವಾರ ಒದ್ದೆ ಸಾಕ್ಸ್ ಹಾಕಿಕೊಂಡು ಓಡಾಡಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಮೋಡ ನೋಡಿ ಕುಣಿಯುತ್ತೇವಲ್ಲ, ಇವರು ಮೋಡ ಸರಿದದ್ದಕ್ಕೆ ಕುಣಿಯುತ್ತಾರೆ, ಅಷ್ಟೇ.

ಬ್ಯಾಂಡಿನ ವಿಷಯ ಚುಟುಕಾಗಿ. ಮೊದಲ ಹಾಡು ಹೊರಬಂದದ್ದು 1985ರಲ್ಲಿ. ಹಾಡುವವರು ಮಾಯೆದಾ ನೊಬುತೆರು, ಗಿಟಾರ್ ಹಾರುಹಾತಾ ಮಿಚಿಯಾ, ಬಾಸ್ ಕಾಕುನೊ ಹಿದೆಯುಕಿ, ಡ್ರಮ್ಸ್ ಮಾತ್ಸುಮೊತೊ ರ್‍ಯೋಜಿ. ನಾಲ್ವರೂ ಇನ್ನೂ ಒಟ್ಟಿಗೇ ಇದ್ದಾರೆ. ಹೆಸರು ತಂದುಕೊಟ್ಟಿದ್ದು 1986ರ ‘ಸೀಸನ್ ಇನ್ ದ ಸನ್’. ಅದಕ್ಕೆ ರಾಗ ಹಾಕಿದ್ದು ಬ್ಯಾಂಡಿನವರಲ್ಲ, ಓದಾ ತೆತ್ಸುರೊ. ಮುಂದೆ ಮಾಯೆದಾ ಸಾಹಿತ್ಯ, ಹಾರುಹಾತಾ ರಾಗ ಅನ್ನೋ ಜೋಡಿ ಗಟ್ಟಿಯಾಯಿತು. ನನಗೆ ಹಿಡಿಸೋದು ಈ ಜೋಡಿಯ ಹಾಡುಗಳೇ. ‘ಸೀಸನ್ ಇನ್ ದ ಸನ್’ ಚೆನ್ನಾಗಿಲ್ಲ ಅಂತಲ್ಲ. ಇಲ್ಲಿ ಬೇಸಿಗೆ ಬಂದರೆ ಎಲ್ಲೆಲ್ಲೂ ಅದೇ ಕೇಳಿ ಕೇಳಿ ಕಿವಿ ಸವೆದಿದೆ.

ನನ್ನ ಆಯ್ಕೆ 1990ರ ‘ಆ ನತ್ಸುಯಾಸುಮಿ’. ಕನ್ನಡದಲ್ಲಿ ‘ಆಹಾ ಬೇಸಿಗೆ ರಜೆ’! ಶುರುವಿನಲ್ಲೇ ಶೋನಾನ್ ಕಡಲತೀರದ ಹೆಸರು ಬರುತ್ತೆ, ಜೊತೆಗೆ ‘ಯೊಶಿಝು’ ಅನ್ನೋ ಒಂದು ಪದ. ನಿಘಂಟಿನಲ್ಲಿ ‘ಜೊಂಡಿನ ಪರದೆ’ ಅಂತ ಕೊಟ್ಟಿತ್ತು, ತಲೆಗೆ ಹೋಗಲಿಲ್ಲ. ಎರಡನೇ ಬೇಸಿಗೆ ರೈಲು ಹತ್ತಿ ಶೋನಾನ್ ಕಡೆಗೇ ಹೋದೆ. ಮರಳಿನ ಮೇಲೆ ಬೇಸಿಗೆಗೆಂದೇ ಕಟ್ಟುವ ಹಲಗೆಯ ಅಂಗಡಿಗಳು. ಅವುಗಳ ಮುಂದೆ ಬಿಸಿಲಿಗೆ ಅಡ್ಡವಾಗಿ ಒರಗಿಸಿಟ್ಟ ಉದ್ದುದ್ದ ಜೊಂಡಿನ ತಟ್ಟಿ. ಅರೆ, ನಮ್ಮಜ್ಜನ ಮನೆ ಬಾಗಿಲಿಗೆ ಕಟ್ಟುತ್ತಿದ್ದ ಲಾವಂಚದ ತಟ್ಟಿಯ ಅಣ್ಣತಮ್ಮನೇ ಅಲ್ವಾ ಇದು! ಒಳಗೆ ಕೂತರೆ ಸಂದಿನಿಂದ ಬಿಸಿಲು ಗೆರೆಗೆರೆಯಾಗಿ ಕಾಲ ಮೇಲೆ ಬೀಳುತ್ತಿತ್ತು. ನೀರು ಚಿಮುಕಿಸುವವರಿಲ್ಲ, ಅದೊಂದೇ ಕೊರತೆ. ಆಮೇಲಿಂದ ಆ ಹಾಡು ಶುರುವಾದರೆ ಮೂಗಿಗೆ ಲಾವಂಚದ ವಾಸನೆ ಬರುತ್ತೆ. ಮಾಯೆದಾ ಇದನ್ನು ಖಂಡಿತ ಊಹಿಸಿರಲಿಕ್ಕಿಲ್ಲ.

ಕರಾವೋಕೆಗೆ ಇವು ಸಲೀಸು ಅಂತ ಮೋಸ ಹೋಗಬೇಡಿ. ಪಲ್ಲವಿಗೆ ಬರೋ ಹೊತ್ತಿಗೆ ದನಿ ಮೇಲೆ ಹೋಗಿ ಅಲ್ಲೇ ನಿಲ್ಲುತ್ತೆ. ನಮ್ಮ ಆಫೀಸಿನ ಹಿರಿಯರೊಬ್ಬರು ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಕುತ್ತಿಗೆ ನರ ಉಬ್ಬಿಸಿಕೊಂಡು ಹಾಡುತ್ತಾರೆ. ನಾನು ಶ್ರುತಿಯನ್ನು ಎರಡು ಮೆಟ್ಟಿಲು ಇಳಿಸಿಕೊಂಡು ಹಾಡಿದೆ, ಮಿಷನ್ 71 ಅಂಕ ಕೊಟ್ಟಿತು. ‘ಬೇಸಿಗೆ ಸಾಲದು’ ಅಂತ ಅವರು ನಕ್ಕರು. ರಾಯಚೂರಿನವನಿಗೆ ಈ ಮಾತು!

ಯೊಕೊಹಾಮಾ ಸ್ಟೇಡಿಯಂನಲ್ಲಿ ಇವರ ಬೇಸಿಗೆ ಕಾರ್ಯಕ್ರಮ ಬಹಳ ವರ್ಷಗಳ ರೂಢಿ. ಟಿಕೆಟ್ ಲಾಟರಿಯಲ್ಲಿ ನನಗೆ ಎರಡು ಸಲ ಕೈಕೊಟ್ಟಿತು. ಸ್ಟೇಡಿಯಂಗೆ ಮೇಲೆ ಛಾವಣಿ ಇಲ್ಲ, ಸುತ್ತ ಪಾರ್ಕ್. ಒಂದು ಸಲ ಅಲ್ಲೇ ಬೆಂಚಿನ ಮೇಲೆ ಕೂತು ಕೇಳಿದೆ. ಡ್ರಮ್ಸ್ ಚೆನ್ನಾಗಿ ಕೇಳುತ್ತೆ, ಮಾತು ಕಲಸುಮೇಲೋಗರ. ಸೊಳ್ಳೆ ಜಾಸ್ತಿ.

ಕೊರತೆಗಳೂ ಇವೆ. ಒಟ್ಟಿಗೆ ಎಂಟು ಹಾಡು ಕೇಳಿದರೆ ಯಾವುದು ಯಾವುದೋ ಗೊತ್ತಾಗಲ್ಲ. ಹಳೆಯವುಗಳ ಕೀಬೋರ್ಡ್ ಸದ್ದಿಗೆ ವಯಸ್ಸಾಗಿದೆ. ನಿಧಾನದ ಹಾಡುಗಳು ನನಗಂತೂ ಸಪ್ಪೆ. ಡಿಸೆಂಬರ್‌ನಲ್ಲಿ ಹೀಟರ್ ಪಕ್ಕ ಕೂತು ಹಾಕಿ ನೋಡಿದ್ದೇನೆ, ಐಸ್‌ಕ್ರೀಮ್ ಬಿಸಿ ಮಾಡಿ ತಿಂದ ಹಾಗಿತ್ತು.

ಹೊಸಬರಿಗೆ: ನಾನು ಕೊಂಡ ಮೊದಲ ‘ಟ್ಯೂಬೆಸ್ಟ್’ ಕೊಳ್ಳಬೇಡಿ. 1989ರದ್ದಾದ್ದರಿಂದ ಮೇಲೆ ಹೊಗಳಿದ ಎರಡೂ ಹಾಡು ಅದರಲ್ಲಿಲ್ಲ, ನಾನು ಮತ್ತೆ ದುಡ್ಡು ಹಾಕಬೇಕಾಯಿತು. ಬ್ಯಾಂಡಿಗೆ 30 ತುಂಬಿದಾಗ, 2015ರಲ್ಲಿ ಬಂದ ದೊಡ್ಡ ಸಂಕಲನ ಹುಡುಕಿ. ಮತ್ತೆ, ಅಂಗಡಿಯಲ್ಲೇ ಸಿಡಿಯನ್ನು ದೀಪಕ್ಕೆ ಹಿಡಿದು ಗೀರು ನೋಡಿಕೊಳ್ಳಿ. ನನ್ನದು ಇವತ್ತಿಗೂ ಮೂರನೇ ಹಾಡಲ್ಲಿ ತೊದಲುತ್ತೆ. ಈಗ ಎಲ್ಲಾದರೂ ಅದೇ ಹಾಡು ಸರಾಗವಾಗಿ ಕೇಳಿದರೆ, ಎಲ್ಲೋ ಏನೋ ತಪ್ಪಿದ ಹಾಗೆ ಆಗುತ್ತೆ.